ದೀರ್ಘ ಮೌಂಟನ್ ಬೈಕ್ ಸ್ಪರ್ಧೆಗೆ ಯಾವ ಸೈಕಲ್, ಯಾವ ತಯಾರಿ: ಕೊಡಗಿನ ಸವಾರರಿಗೆ ಒಂದು ಹೋಲಿಕೆ

ಸೈಕಲ್ ಆರಿಸಿಕೊಡಿ ಎಂದು ನನ್ನನ್ನು ಅಂಗಡಿಗೆ ಕರೆದೊಯ್ಯುವ ಹುಡುಗರು ಮೊದಲು ಮಾಡುವ ಕೆಲಸವೆಂದರೆ ನಿಲ್ಲಿಸಿದ ಸೈಕಲನ್ನು ಒಂದೇ ಕೈಯಲ್ಲಿ ಎತ್ತಿ ನೋಡುವುದು. ಹಗುರವಿದ್ದರೆ ಸರಿ, ಭಾರವಿದ್ದರೆ ಬೇಡ. ಒಂದೂವರೆ ಗಂಟೆಯಲ್ಲಿ ಮುಗಿಯುವ ಸ್ಪರ್ಧೆಗೆ ಈ ಪರೀಕ್ಷೆ ಹೆಚ್ಚುಕಡಿಮೆ ನಡೆಯುತ್ತದೆ. ಐದು, ಎಂಟು, ಹತ್ತು ಗಂಟೆ ಸೀಟಿನ ಮೇಲೆಯೇ ಕಳೆಯಬೇಕಾದ ಸ್ಪರ್ಧೆಗೆ ಅದು ಏನೇನೂ ಸಾಲದು. ಅಲ್ಲಿ ಕೇಳಿಕೊಳ್ಳಬೇಕಾದದ್ದು, ಕೊನೆಯ ಎರಡು ಗಂಟೆಗಳಲ್ಲಿ ಸವಾರನ ಕೈ, ಬೆನ್ನು, ಹೊಟ್ಟೆ ಇನ್ನೂ ಹೇಳಿದ ಮಾತು ಕೇಳುವ ಸ್ಥಿತಿಯಲ್ಲಿರುವಂತೆ ಈ ಸೈಕಲ್ ಅವನನ್ನು ಅಲ್ಲಿಯವರೆಗೆ ಮುಟ್ಟಿಸುತ್ತದೆಯೇ ಎಂಬುದನ್ನು.

ಇದನ್ನು ನಾನು ಕಲಿತದ್ದು ನನ್ನ ಮೊದಲ ದೀರ್ಘ ಸ್ಪರ್ಧೆಯಲ್ಲಿ. ಹಿಂಬದಿಗೆ ಸಸ್ಪೆನ್ಷನ್ ಇಲ್ಲದ ಸೈಕಲ್, ಕಿರಿದಾದ ಟಯರ್, ಅದರೊಳಗೆ ಕಲ್ಲಿನಂತೆ ತುಂಬಿದ ಗಾಳಿ, ಗಟ್ಟಿ ರಬ್ಬರಿನ ಗ್ರಿಪ್. ನಾಲ್ಕು ಗಂಟೆಯವರೆಗೆ ಯಾವ ತೊಂದರೆಯೂ ಕಾಣಲಿಲ್ಲ. ಐದನೆಯ ಗಂಟೆಯಲ್ಲಿ ಕಲ್ಲುಗಳೇ ತುಂಬಿದ ಉದ್ದನೆಯ ಇಳಿಜಾರು ಮುಗಿಸಿ ನಿಂತು ಜೇಬಿನಿಂದ ಬಾಳೆಹಣ್ಣು ತೆಗೆದಾಗ, ಅದರ ತೊಟ್ಟು ಮುರಿಯಲು ಬೆರಳುಗಳು ಬಿಡಿಸಿಕೊಳ್ಳಲಿಲ್ಲ. ಹ್ಯಾಂಡಲ್ ಹಿಡಿದ ಆಕಾರದಲ್ಲೇ ಸೆಟೆದುಕೊಂಡಿದ್ದವು. ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಎಳೆದು ತಿಂದೆ. ಕಾಲಿನಲ್ಲಿ ಇನ್ನೂ ಕಸುವಿತ್ತು, ಆದರೆ ಬ್ರೇಕ್ ಒತ್ತುವ ಎರಡು ಬೆರಳುಗಳಲ್ಲಿ ಇರಲಿಲ್ಲವಾದ್ದರಿಂದ ಮುಂದಿನ ಇಳಿಜಾರುಗಳನ್ನೆಲ್ಲ ಸೈಕಲ್ ತಳ್ಳಿಕೊಂಡೇ ಇಳಿದೆ. ಏರಿನಲ್ಲಿ ನಾನು ಹಿಂದಿಕ್ಕಿದ್ದವರು ಒಬ್ಬೊಬ್ಬರಾಗಿ ದಾಟಿಕೊಂಡು ಹೋದರು.

ಮೊದಲು ಸ್ಪರ್ಧೆ, ಆಮೇಲೆ ಸೈಕಲ್

ದೀರ್ಘ ಸ್ಪರ್ಧೆ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಪರೀಕ್ಷೆಗಳಿವೆ. ಒಲಿಂಪಿಕ್ಸಿನಲ್ಲಿ 1996ರಿಂದ ನಡೆಯುತ್ತಿರುವ ಕ್ರಾಸ್ ಕಂಟ್ರಿ ಸುಮಾರು ಒಂದೂವರೆ ಗಂಟೆಯದಾದ್ದರಿಂದ ಅದು ಈ ಗುಂಪಿಗೆ ಸೇರುವುದಿಲ್ಲ.

ಮೊದಲನೆಯದು ಮ್ಯಾರಥಾನ್. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಇದರ ದೂರ 60ರಿಂದ 160 ಕಿಲೋಮೀಟರಿನೊಳಗೆ ಇರಬೇಕು. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 2003ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ನಡೆಯಿತು. ಅಮೆರಿಕದ ಕೊಲರಾಡೋದಲ್ಲಿ 1994ರಿಂದ ನಡೆಯುತ್ತಿರುವ ಲೆಡ್‌ವಿಲ್ 100 ಮೈಲಿಯ ಸ್ಪರ್ಧೆಯೂ ಇದೇ ಬಗೆಯದು. ಅಲ್ಲಿ 12 ಗಂಟೆಯೊಳಗೆ ಮುಗಿಸಿದವರಿಗೆ ಬೆಲ್ಟಿನ ಬಕಲ್ ಕೊಡುತ್ತಾರೆ. ನೆರೆಯ ಭೂತಾನಿನಲ್ಲಿ ಬುಮ್ತಾಂಗಿನಿಂದ ಥಿಂಫುವಿನವರೆಗೆ 268 ಕಿಲೋಮೀಟರನ್ನು ಒಂದೇ ದಿನದಲ್ಲಿ, ನಾಲ್ಕು ಕಣಿವೆದಾರಿಗಳನ್ನು ಹತ್ತಿಳಿದು ಮುಗಿಸುವ ಟೂರ್ ಆಫ್ ದಿ ಡ್ರ್ಯಾಗನ್ ಈ ಬಗೆಯ ತುತ್ತತುದಿ.

ಎರಡನೆಯದು ಸುತ್ತಿನ ಸ್ಪರ್ಧೆ. ಒಂದೇ ಸುತ್ತುದಾರಿಯನ್ನು 6, 12 ಅಥವಾ 24 ಗಂಟೆಯಲ್ಲಿ ಎಷ್ಟು ಬಾರಿ ಸುತ್ತಿದಿರಿ ಎಂಬುದೇ ಇಲ್ಲಿನ ಲೆಕ್ಕ. 1992ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಆರಂಭವಾದ 24 ಗಂಟೆಯ ಸ್ಪರ್ಧೆಯಿಂದ ಇದು ಹೆಸರಾಯಿತು. ಒಬ್ಬರೇ ಓಡಿಸಬಹುದು, ಇಲ್ಲವೇ ತಂಡವಾಗಿ ಸರದಿಯ ಮೇಲೆ ಓಡಿಸಬಹುದು.

ಮೂರನೆಯದು ಹಲವು ದಿನಗಳ ಸ್ಪರ್ಧೆ. ದಕ್ಷಿಣ ಆಫ್ರಿಕಾದಲ್ಲಿ 2004ರಲ್ಲಿ ಆರಂಭವಾದ ಕೇಪ್ ಎಪಿಕ್ ಎಂಟು ದಿನಗಳದು; ಅಲ್ಲಿ ಇಬ್ಬರದೊಂದು ತಂಡ, ಮತ್ತು ಆ ಇಬ್ಬರ ನಡುವಿನ ಅಂತರ ಎರಡು ನಿಮಿಷ ಮೀರುವಂತಿಲ್ಲ. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಎಂಟಿಬಿ ಹಿಮಾಲಯ 2005ರಿಂದ ಈ ಬಗೆಗೆ ಪರಿಚಿತ ಹೆಸರು.

ಕೊಡಗಿನಲ್ಲಿ ಬೆಳೆದ ಸವಾರನಿಗೆ ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬುದಕ್ಕೆ ನಮ್ಮ ನೆಲವೇ ಅರ್ಧ ಉತ್ತರ ಕೊಡುತ್ತದೆ. ನಮ್ಮಲ್ಲಿನ ತೋಟದ ಏರುಗಳು ಬಹುತೇಕ ಗಿಡ್ಡ ಮತ್ತು ಕಡಿದು. ಹತ್ತು ನಿಮಿಷ ಏದುಸಿರು ಬಿಟ್ಟರೆ ದಿಬ್ಬದ ತುದಿ, ಮತ್ತೆ ಗದ್ದೆಯ ಬಯಲಿಗೆ ಇಳಿತ, ತೋಡು ದಾಟಿ ಮತ್ತೆ ಏರು. ಭಾಗಮಂಡಲದಿಂದ ತಲಕಾವೇರಿಗೆ ಹೋಗುವ ಎಂಟು ಕಿಲೋಮೀಟರಿನಂಥ ಬಿಡುವಿಲ್ಲದ ಏರುಗಳನ್ನು ಹುಡುಕಿಕೊಂಡು ಹೋಗಬೇಕು. ತಲಕಾವೇರಿಯ ಎತ್ತರ 1,276 ಮೀಟರ್. ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ ಕೂಡ 1,748 ಮೀಟರ್ ಮಾತ್ರ. ಲೆಡ್‌ವಿಲ್‌ನಲ್ಲಿ ಸ್ಪರ್ಧೆ ಆರಂಭವಾಗುವುದೇ 3,000 ಮೀಟರಿಗಿಂತ ಮೇಲೆ. ಹಿಮಾಲಯದಲ್ಲಿ ಗಂಟೆಗಟ್ಟಲೆ ಮುಗಿಯದ ಏರನ್ನೂ ತೆಳುವಾದ ಗಾಳಿಯನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ. ಇವೆರಡಕ್ಕೂ ಇಲ್ಲಿ ಕುಳಿತು ಪೂರ್ತಿ ತಯಾರಾಗಲು ಆಗದು. ಒದ್ದೆ ಬೇರು, ಪಾಚಿ ಹಿಡಿದ ಕಲ್ಲು, ಒಣಗಿದ ಸಿಲ್ವರ್ ಓಕ್ ಮರದ ಎಲೆಗಳ ಕೆಳಗೆ ಅಡಗಿದ ಗುಂಡಿ, ಇವುಗಳ ಮೇಲೆ ಇಳಿಯುವುದನ್ನು ಮಾತ್ರ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದ್ದರಿಂದ ಮೊದಲ ವರ್ಷಕ್ಕೆ 60 ಕಿಲೋಮೀಟರಿನ ಆಸುಪಾಸಿನ ಮ್ಯಾರಥಾನ್ ಅಥವಾ ತಂಡವಾಗಿ ಓಡಿಸುವ 12 ಗಂಟೆಯ ಸುತ್ತಿನ ಸ್ಪರ್ಧೆಯನ್ನು ನಾನು ಸೂಚಿಸುತ್ತೇನೆ. ಎರಡರಲ್ಲಿ ಒಂದೇ ಎಂದರೆ ಸುತ್ತಿನ ಸ್ಪರ್ಧೆ, ಏಕೆಂದರೆ ಪ್ರತಿ ಸುತ್ತಿನ ಕೊನೆಯಲ್ಲಿ ನಿಮ್ಮ ಊಟ, ಉಪಕರಣ, ಒಣಬಟ್ಟೆ ಎಲ್ಲ ಒಂದೇ ಕಡೆ ಕಾಯುತ್ತಿರುತ್ತವೆ, ಮತ್ತು ಏನಾದರೂ ಕೆಟ್ಟರೆ ಊರಿಲ್ಲದ ಜಾಗದಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ. ಅದರ ಕೆಟ್ಟ ಗುಣವೂ ಅದೇ. ಕುರ್ಚಿ ಕಣ್ಣೆದುರಿಗೇ ಇರುತ್ತದೆ, ಕುಳಿತವನು ಏಳುವುದು ಕಷ್ಟ. ಹಲವು ದಿನಗಳ ಸ್ಪರ್ಧೆಗೆ ಎರಡು ವರ್ಷ ತಡೆಯಿರಿ. ಜೊತೆಗಾರನನ್ನು ಆರಿಸುವಾಗ ಸ್ನೇಹಕ್ಕಿಂತ ವೇಗ ನೋಡಿ. ತನಗಿಂತ ಬಹಳ ಗಟ್ಟಿಗನೊಂದಿಗೆ ಹೋದವನು ಎರಡನೆಯ ದಿನವೇ ಸೋತು ಮಲಗುತ್ತಾನೆ, ಮಿಕ್ಕ ದಿನಗಳಲ್ಲಿ ಸ್ನೇಹವೂ ಉಳಿಯುವುದಿಲ್ಲ.

ಹಾರ್ಡ್‌ಟೇಲೋ, ಫುಲ್ ಸಸ್ಪೆನ್ಷನ್ನೋ

ಹೆಚ್ಚು ಹಣ ಹೋಗುವುದೂ ಹೆಚ್ಚು ವಾದ ನಡೆಯುವುದೂ ಇಲ್ಲಿಯೇ. ಹಾರ್ಡ್‌ಟೇಲ್ ಎಂದರೆ ಮುಂದಿನ ಚಕ್ರ ಹಿಡಿದ ಫೋರ್ಕಿನಲ್ಲಿ ಮಾತ್ರ ಸಸ್ಪೆನ್ಷನ್ ಇರುವುದು; ಫುಲ್ ಸಸ್ಪೆನ್ಷನ್‌ನಲ್ಲಿ ಹಿಂದಿನ ಚಕ್ರಕ್ಕೂ ಶಾಕ್ ಇರುತ್ತದೆ. ದೀರ್ಘ ಸ್ಪರ್ಧೆಗೆ ಎರಡರಲ್ಲಿಯೂ ಪೆಟ್ಟಿಗೆ ಸಸ್ಪೆನ್ಷನ್ 100ರಿಂದ 120 ಮಿಲಿಮೀಟರ್ ಕುಸಿದರೆ ಸಾಕು. ಅದಕ್ಕಿಂತ ಹೆಚ್ಚಿನದು ಏರಿನಲ್ಲಿ ಹೊರೆ.

ಹಾರ್ಡ್‌ಟೇಲ್ ಪರವಾದ ವಾದ ತೂಕದ್ದು ಎಂದು ಎಲ್ಲರೂ ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡೋಣ. ಸವಾರ 70 ಕಿಲೋ, ಸೈಕಲ್ 12 ಕಿಲೋ ಎಂದಿಟ್ಟುಕೊಂಡು ಅದಕ್ಕೆ ಒಂದು ಕಿಲೋ ಸೇರಿಸಿದರೆ ಒಟ್ಟು ಹೊರೆ ಹೆಚ್ಚುವುದು ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಒಂದು ಗಂಟೆಯ ಕಡಿದಾದ ಏರಿನಲ್ಲಿ ಇದರಿಂದಾಗುವ ನಷ್ಟ ಸುಮಾರು ಮುಕ್ಕಾಲು ನಿಮಿಷ. ಒಂದು ಪಂಕ್ಚರ್ ಹಾಕಲು, ಕೈ ನಡುಗದಿದ್ದರೂ, ಐದು ನಿಮಿಷವಾದರೂ ಬೇಕು. ಹಾಗಾಗಿ ತೂಕದ ಮಾತನ್ನು ಬದಿಗಿಡಬಹುದು. ಹಾರ್ಡ್‌ಟೇಲಿನ ನಿಜವಾದ ಬಲ ಎರಡು. ಮೊದಲನೆಯದು, ಒಂದೇ ಬೆಲೆಯ ಎರಡು ಸೈಕಲ್‌ಗಳಲ್ಲಿ ಹಾರ್ಡ್‌ಟೇಲಿಗೆ ಸಾಮಾನ್ಯವಾಗಿ ಒಳ್ಳೆಯ ಫೋರ್ಕ್, ಒಳ್ಳೆಯ ಬ್ರೇಕ್, ಒಳ್ಳೆಯ ಚಕ್ರ ಬಂದಿರುತ್ತದೆ, ಏಕೆಂದರೆ ಇನ್ನೊಂದರಲ್ಲಿ ಆ ಹಣ ಹಿಂದಿನ ಶಾಕಿಗೂ ಅದರ ಕೀಲುಗಳಿಗೂ ಹೋಗಿರುತ್ತದೆ. ಎರಡನೆಯದು ನಮ್ಮ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಂಪು ಮಣ್ಣಿನ ಕೆಸರು ನೀರಿನೊಂದಿಗೆ ಕೀಲಿನ ಬೇರಿಂಗುಗಳೊಳಗೆ ಇಳಿದು ಸಾಣೆಕಲ್ಲಿನಂತೆ ಕೆಲಸ ಮಾಡುತ್ತದೆ. ಗಾಳಿಯ ಶಾಕ್ ಸೋರಿದರೆ ಅದನ್ನು ಬಿಚ್ಚಿ ಸರಿಪಡಿಸಲು ನಾವು ಸಾಮಾನ್ಯವಾಗಿ ಮೈಸೂರಿಗೋ ಬೆಂಗಳೂರಿಗೋ ಕಳಿಸಬೇಕು, ಕಳಿಸಿ ಕಾಯಬೇಕು. ಫೋರ್ಕಿನ ಕೆಳಭಾಗದ ಎಣ್ಣೆಯನ್ನು ಸುಮಾರು 50 ಗಂಟೆ ಸವಾರಿಗೊಮ್ಮೆ ಬದಲಿಸಬೇಕೆಂದು ತಯಾರಕರು ಹೇಳುತ್ತಾರೆ. ವಾರಕ್ಕೆ ಎಂಟು ಗಂಟೆ ಓಡಿಸುವವನಿಗೆ ಅದು ಆರೇ ವಾರ. ಇಂಥ ಸೇವೆ ಬೇಡುವ ಭಾಗ ಒಂದಿದ್ದರೆ ನಿಭಾಯಿಸಬಹುದು, ಎರಡಾದರೆ ತಿಂಗಳ ಖರ್ಚಿನ ಪಟ್ಟಿಗೆ ಸೇರುತ್ತದೆ.

ಫುಲ್ ಸಸ್ಪೆನ್ಷನ್ ಪರವಾದ ವಾದವನ್ನು ಹೆಚ್ಚಿನವರು ಇಳಿಜಾರಿನಿಂದ ಆರಂಭಿಸುತ್ತಾರೆ. ನನ್ನ ಅನುಭವದಲ್ಲಿ ಅದರ ದೊಡ್ಡ ಉಪಕಾರ ಇಳಿಜಾರಿನಲ್ಲಿಯೂ ಅಲ್ಲ, ಏರಿನಲ್ಲಿಯೂ ಅಲ್ಲ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಮತಟ್ಟಿನಲ್ಲಿ. ತೋಟದ ಟ್ರ್ಯಾಕ್ಟರ್ ದಾರಿಯಲ್ಲಿ, ಕಾರ್ಮಿಕರ ಲೈನ್ ಮನೆಗಳ ಮುಂದೆ ಹಾದುಹೋಗುವ ಆ ಉಬ್ಬುತಗ್ಗಿನ ಅರ್ಧ ಕಿಲೋಮೀಟರಿನಲ್ಲಿ ಹಾರ್ಡ್‌ಟೇಲ್ ಸವಾರ ಪ್ರತಿ ಕಲ್ಲಿಗೂ ಸೀಟಿನಿಂದ ಎದ್ದು ಕೂರಬೇಕು, ಪೆಡಲ್ ನಿಲ್ಲಬೇಕು. ಶಾಕ್ ಇದ್ದವನು ಕುಳಿತೇ ತುಳಿಯುತ್ತ, ಒಂದು ಕೈಯಲ್ಲಿ ನೀರು ಕುಡಿಯುತ್ತ ಹೋಗುತ್ತಾನೆ. ಒಂದು ಬಾರಿಗೆ ಇದು ಏನೂ ಅಲ್ಲ. ಎಂಟು ಗಂಟೆಯಲ್ಲಿ ಇಂಥ ಜಾಗಗಳು ನೂರಾರು ಬರುತ್ತವೆ, ಮತ್ತು ಸೊಂಟದ ನೋವು ಆರಂಭವಾಗುವುದು ಅಲ್ಲಿಂದಲೇ. ಸಡಿಲ ಕಲ್ಲಿನ ಏರಿನಲ್ಲಿಯೂ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡೇ ಉರುಳುವುದರಿಂದ ಜಾರುವುದು ಕಡಿಮೆ. ಡಾಂಬರಿನ ಏರಿನಲ್ಲಿ ತೂಗಾಡುತ್ತದೆ ಎಂಬ ದೂರಿಗೆ ಶಾಕ್ ಕುಸಿಯದಂತೆ ಲಾಕ್ ಹಾಕುವ ಗುಂಡಿ ಇದೆ. ಇಳಿಯುವಾಗ ಅದನ್ನು ತೆಗೆಯಲು ಮರೆಯುವವರು ನನ್ನಂಥವರೂ ಇದ್ದಾರೆ.

ನನ್ನ ತೀರ್ಮಾನ ಹೀಗಿದೆ. ಐದು ಗಂಟೆಯೊಳಗಿನ ಮ್ಯಾರಥಾನ್, ಮೂವತ್ತರೊಳಗಿನ ವಯಸ್ಸು, ಮಳೆಗಾಲದಲ್ಲಿಯೂ ನಿಲ್ಲದ ಅಭ್ಯಾಸ, ಮಿತವಾದ ಹಣ: ಹಾರ್ಡ್‌ಟೇಲ್, ಎರಡನೆಯ ಮಾತಿಲ್ಲ. ಎಂಟು ಗಂಟೆ ಮೀರುವ ಸ್ಪರ್ಧೆ, ಹಲವು ದಿನಗಳ ಸ್ಪರ್ಧೆ, ಅಥವಾ ಈಗಾಗಲೇ ಬೆನ್ನುನೋವಿನ ಇತಿಹಾಸವಿರುವ ದೇಹ: ಫುಲ್ ಸಸ್ಪೆನ್ಷನ್, ಸಾಲ ಮಾಡದೆ ಕೊಳ್ಳಲು ಆಗುವುದಾದರೆ. ಅಗ್ಗದ ಫುಲ್ ಸಸ್ಪೆನ್ಷನ್ ಮಾತ್ರ ಯಾರಿಗೂ ಬೇಡ. ಸ್ಪ್ರಿಂಗ್ ಹಾಕಿದ ಆ ಭಾರದ ಶಾಕ್ ತುಳಿದ ಶಕ್ತಿಯನ್ನು ನುಂಗುತ್ತದೆ, ಪೆಟ್ಟನ್ನು ನುಂಗುವುದಿಲ್ಲ.

ಚಕ್ರದ ಅಳತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 29 ಇಂಚಿನದು ಕಲ್ಲಿನ ಮೇಲೆ ಸುಲಭವಾಗಿ ಉರುಳುತ್ತದೆ, ದೀರ್ಘ ಸ್ಪರ್ಧೆಗೆ ಅದೇ ಸರಿ. ತೀರಾ ಕುಳ್ಳಗಿರುವವರು 27.5 ಇಂಚಿನದನ್ನೂ ಹತ್ತಿ ನೋಡಲಿ.

ಟಯರ್, ಗೇರ್, ಬ್ರೇಕ್

ಹೊಸ ಸೈಕಲ್ ಕೊಳ್ಳುವ ಹಣವಿಲ್ಲದವರು ಇರುವ ಸೈಕಲಿಗೇ ಟಯರ್ ಬದಲಿಸಿದರೆ ಅರ್ಧ ಕೆಲಸ ಆದಂತೆ. ಟ್ಯೂಬ್ ಇರುವ ಟಯರಿನಲ್ಲಿ ಗಾಳಿ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿನ ಅಂಚಿಗೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಆ ಭಯಕ್ಕೆ ಗಾಳಿಯ ಒತ್ತಡದ ಅಳತೆಯಲ್ಲಿ 30 ಪಿಎಸ್‌ಐಗಿಂತ ಹೆಚ್ಚು ತುಂಬುತ್ತೇವೆ, ಆ ಗಡಸು ನೇರ ಕೈಗೆ ಬರುತ್ತದೆ. ಟ್ಯೂಬ್‌ಲೆಸ್‌ನಲ್ಲಿ 2.25ರಿಂದ 2.4 ಇಂಚಿನ ಟಯರಿಗೆ, ಸವಾರನ ತೂಕ ನೋಡಿಕೊಂಡು, 20ರಿಂದ 25 ಪಿಎಸ್‌ಐ ಸಾಕು. ಸಣ್ಣ ಮುಳ್ಳು ಚುಚ್ಚಿದರೆ ಟಯರಿನೊಳಗೆ ತುಂಬಿಟ್ಟ ಅಂಟುದ್ರವವೇ ತೂತು ಮುಚ್ಚುತ್ತದೆ. ಕಾಫಿ ಗಿಡ ಸವರಿದ ಮೇಲೆ ದಾರಿಗೆ ಬಿದ್ದಿರುವ ಓರೆಯಾಗಿ ಕತ್ತರಿಸಿದ ಕಡ್ಡಿಗಳ ಮೇಲೆ ಓಡಿಸಿದವರಿಗೆ ಇದರ ಬೆಲೆ ಗೊತ್ತು. ಆ ದ್ರವ ಕೆಲವು ತಿಂಗಳಲ್ಲಿ ಒಣಗಿಹೋಗುವುದರಿಂದ ಸ್ಪರ್ಧೆಗೆ ಮುಂಚೆ ಹೊಸದಾಗಿ ತುಂಬಬೇಕು, ಮತ್ತು ಟಯರಿನ ಪಕ್ಕ ಹರಿದರೆ ಬೇಕಾಗುವುದರಿಂದ ಜೊತೆಯಲ್ಲಿ ಒಂದು ಟ್ಯೂಬ್ ಇಟ್ಟುಕೊಂಡೇ ಇರಬೇಕು. ನನ್ನ ಮೊದಲ ಸ್ಪರ್ಧೆಯ ಕೈನೋವಿನಲ್ಲಿ ಮುಕ್ಕಾಲು ಪಾಲು ಟಯರಿನ ಗಾಳಿಯದೇ ತಪ್ಪೆಂದು ಈಗ ಅನ್ನಿಸುತ್ತದೆ; ಉಳಿದದ್ದು ಗ್ರಿಪ್ಪಿನದು.

ಗೇರಿನ ವಿಚಾರದಲ್ಲಿ ಮುಂದೆ ಒಂದೇ ಹಲ್ಲುಚಕ್ರವಿರುವ ಹೊಸ ವ್ಯವಸ್ಥೆ ಒಳ್ಳೆಯದೋ, ಮೂರಿರುವ ಹಳೆಯದೋ ಎಂಬ ಪ್ರಶ್ನೆಗೆ ಜನ ಹೊಸದರ ಕಡೆಗೇ ಕೈ ತೋರಿಸುತ್ತಾರೆ. ಕಡಿದಾದ ಏರಿಗೆ ಮುಖ್ಯವಾದದ್ದು ಒಂದು ಸುತ್ತು ತುಳಿದರೆ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಎಂಬುದು. ಕಡಿಮೆ ಹೋದಷ್ಟೂ ತುಳಿತ ಹಗುರ. ಮುಂದೆ 32, ಹಿಂದೆ 51 ಹಲ್ಲುಗಳಿರುವ 29 ಇಂಚಿನ ಹೊಸ ಸೈಕಲ್ ಒಂದು ಸುತ್ತಿಗೆ ಸುಮಾರು 1.44 ಮೀಟರ್ ಹೋಗುತ್ತದೆ. ಮುಂದೆ 22, ಹಿಂದೆ 36 ಇರುವ 26 ಇಂಚಿನ ಹಳೆಯ ಸೈಕಲ್ ಹೋಗುವುದು ಸುಮಾರು 1.27 ಮೀಟರ್. ಅಂದರೆ ಏರಿಗೆ ಅಪ್ಪನ ಕಾಲದ ಗೇರೇ ಹಗುರ. ಹೊಸದು ಗೆಲ್ಲುವುದು ಕೆಸರಿನಲ್ಲಿ. ಮುಂದಿನ ಹಲ್ಲುಚಕ್ರಗಳ ನಡುವೆ ಚೈನ್ ಸರಿಸುವ ಡಿರೇಲರ್ ಇಲ್ಲದ್ದರಿಂದ ಅಲ್ಲಿ ಮಣ್ಣು ಕಟ್ಟಿಕೊಳ್ಳುವುದಿಲ್ಲ, ಚೈನ್ ಸಿಕ್ಕಿ ಬೀಳುವುದೂ ಕಡಿಮೆ. ಹೊಸದನ್ನೇ ಕೊಳ್ಳುವವರು ಮುಂದಿನ 32 ಹಲ್ಲಿನ ಬದಲು 30 ಹಲ್ಲಿನದನ್ನು ಹಾಕಿಸಿಕೊಂಡರೆ ಸುಮಾರು 1.35 ಮೀಟರಿಗೆ ಇಳಿಯುತ್ತದೆ. ಆರನೆಯ ಗಂಟೆಯ ಏರಿನಲ್ಲಿ ನಡೆಯುವುದಕ್ಕೂ ತುಳಿಯುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ ಇರುತ್ತದೆ.

ಬ್ರೇಕಿನಲ್ಲಿ ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬಿಟ್ಟು ಬೇರೆ ಆಯ್ಕೆ ಇಲ್ಲ. ಕೇಬಲ್ ಬ್ರೇಕಿಗೆ ಬೇಕಾಗುವ ಬಲವನ್ನು ಬೆರಳುಗಳಿಂದ ಇಡೀ ದಿನ ಕೇಳಲಾಗದು. ಪ್ಯಾಡುಗಳಲ್ಲಿ ಮಾತ್ರ ಹೋಲಿಕೆ ಬೇಕು. ರೆಸಿನ್ ಪ್ಯಾಡ್ ಸದ್ದಿಲ್ಲದೆ ಮೆತ್ತಗೆ ಹಿಡಿಯುತ್ತದೆ, ಆದರೆ ಒದ್ದೆ ಕೆಸರಿನಲ್ಲಿ ಒಂದೇ ದಿನಕ್ಕೆ ಸವೆದುಹೋಗಬಹುದು. ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್ ಕಿರುಚುತ್ತದೆ, ಬಾಳಿಕೆ ಬರುತ್ತದೆ. ಮಳೆಯ ಲಕ್ಷಣವಿದ್ದರೆ ಎರಡನೆಯದು. ಡಿಸ್ಕಿನ ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಎಂದು ಬರೆದಿಲ್ಲವೆಂಬುದನ್ನು ನೋಡಿಕೊಂಡು. ಪೆಡಲಿಗೆ ಶೂ ಸಿಕ್ಕಿಸುವ ಕ್ಲಿಪ್ ಬೇಕೋ ಬೇಡವೋ ಎಂಬುದು ಅಭ್ಯಾಸದ ಮಾತು. ತಳ್ಳಿಕೊಂಡು ನಡೆಯುವುದು ಹೆಚ್ಚಿರುವ ದಾರಿಗೆ ಚಪ್ಪಟೆ ಪೆಡಲೇ ಅನುಕೂಲ.

ಪೊಟ್ಟಣದ ಜೆಲ್ಲೋ, ಮನೆಯ ಬುತ್ತಿಯೋ

ದೀರ್ಘ ಸ್ಪರ್ಧೆಯಲ್ಲಿ ಗಂಟೆಗೆ ಸುಮಾರು 60 ಗ್ರಾಂ ಶರ್ಕರಪಿಷ್ಟ ಬೇಕು, ಹೊಟ್ಟೆಯನ್ನು ಪಳಗಿಸಿದವರು 90 ಗ್ರಾಂವರೆಗೂ ತೆಗೆದುಕೊಳ್ಳುತ್ತಾರೆ. ಆರು ಗಂಟೆಗೆ 360 ಗ್ರಾಂ. ಇದನ್ನು ಪೂರ್ತಿ ಪೊಟ್ಟಣದಿಂದ ಹೀರುವ ಸಿಹಿ ಜೆಲ್ಲಿನಲ್ಲಿ ತುಂಬಿಸಹೊರಟರೆ ಜೇಬು ಬರಿದಾಗುತ್ತದೆ, ನಾಲ್ಕನೆಯ ಗಂಟೆಗೆ ಆ ಸಿಹಿಯ ನೆನಪೇ ಹೊಟ್ಟೆ ತೊಳಸುತ್ತದೆ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇದೆ. ಅಕ್ಕಿತರಿಯ ಉಂಡೆಯಾದ ಕಡಂಬುಟ್ಟನ್ನು ಲಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ ಸ್ವಲ್ಪ ಉಪ್ಪು ಹೆಚ್ಚು ಹಾಕಿ ಬೇಯಿಸಿದರೆ ಬಾಯಿಗೆ ಹಾಕಿಕೊಳ್ಳಲು ಅದಕ್ಕಿಂತ ಸುಲಭವಾದ ಊಟವಿಲ್ಲ. ಮೆತ್ತಗಿರುತ್ತದೆ, ನೀರಿನಂಶವಿರುತ್ತದೆ, ಪುಡಿಯಾಗಿ ಗಂಟಲಿಗೆ ಸಿಕ್ಕುವುದಿಲ್ಲ. ಅಕ್ಕಿ ರೊಟ್ಟಿ ತಣ್ಣಗಾದ ಮೇಲೆ ಬಿರುಸಾಗುವುದರಿಂದ ಸವಾರಿಯಲ್ಲಿ ಅಗಿಯಲು ಹಿಂಸೆ. ಮೊದಲ ನಾಲ್ಕು ಗಂಟೆ ಮನೆಯ ತಿಂಡಿ, ಅಗಿಯಲು ಬೇಸರವಾಗುವ ಕೊನೆಯ ಭಾಗಕ್ಕೆ ಎರಡು ಮೂರು ಜೆಲ್, ಇದು ನನ್ನ ಹಂಚಿಕೆ. ಹಿಂದಿನ ರಾತ್ರಿ ಹಂದಿಮಾಂಸದ ಪಂದಿ ಕರಿ ಬೇಡ. ಕೊಬ್ಬು ಕರಗುವುದು ನಿಧಾನ, ಬೆಳಿಗ್ಗೆ ಆರಕ್ಕೆ ಹೊರಟಾಗ ಹೊಟ್ಟೆ ಭಾರವೆನಿಸಬಹುದು. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಇಳಿದು ಅಪಾಯವಾಗಬಹುದಾದ್ದರಿಂದ ಎರಡು ಬಾಟಲಿಗಳಲ್ಲಿ ಒಂದಕ್ಕೆ ಓಆರ್‌ಎಸ್ ಇರಲಿ.

ಎಲ್ಲಿ ಅಭ್ಯಾಸ

ಡಾಂಬರು ರಸ್ತೆ, ತೋಟದ ದಾರಿ, ಕಾಡು, ಈ ಮೂರರಲ್ಲಿ ಕಾಡನ್ನು ಮೊದಲೇ ಬಿಟ್ಟುಬಿಡಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳಲ್ಲಿಯೂ ನಾಗರಹೊಳೆಯಲ್ಲಿಯೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ನುಗ್ಗುವುದು ತಪ್ಪು. ಉಸಿರಿನ ಕಸುವು ಬೆಳೆಸುವ ಅಭ್ಯಾಸಕ್ಕೆ ಡಾಂಬರು ಸಾಕು. ತಲಕಾವೇರಿಯ ಏರನ್ನು ಬೆಳಗಿನಲ್ಲಿ ಎರಡು ಬಾರಿ, ಒಂದೇ ಹದದಲ್ಲಿ ಹತ್ತುವುದು ಮ್ಯಾರಥಾನಿಗೆ ಒಳ್ಳೆಯ ತಯಾರಿ. ಕೈ, ಬೆನ್ನು ಪಳಗುವುದು ಮಾತ್ರ ತೋಟದ ದಾರಿಯಲ್ಲಿ. ಮಾಲೀಕರನ್ನೋ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನೋ ಕೇಳಿಕೊಂಡೇ ಹೋಗಬೇಕು, ಕೊಯ್ಲಿನ ತಿಂಗಳುಗಳಲ್ಲಿ ಹೋಗಲೇಬಾರದು. ಕಾಫಿ ಹಣ್ಣಿನ ಚೀಲ ಹೊತ್ತು ಬರುವವರ ಎದುರಿಗೆ ತಿರುವಿನಲ್ಲಿ ಸೈಕಲ್ ಧುಮುಕಿದರೆ ಮರುದಿನ ಗೇಟಿಗೆ ಬೀಗ ಬೀಳುತ್ತದೆ. ಸಿದ್ದಾಪುರ, ತಿತಿಮತಿಯ ಕಡೆ ಮುಂಜಾನೆ ಮತ್ತು ಮುಸ್ಸಂಜೆ ಬೇಡವೇ ಬೇಡ. ಸೈಕಲಿಗೆ ಸದ್ದಿಲ್ಲ. ಆನೆ ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ, ನೀವು ಆನೆಯನ್ನು ಕಾಣುವುದು ಹತ್ತು ಮಾರು ದೂರದಲ್ಲಿ.

ಮಳೆಗಾಲದಲ್ಲಿ ಅಭ್ಯಾಸಕ್ಕೆ ಹಳೆಯ ಸೈಕಲ್ ಒಂದಿದ್ದರೆ ಒಳ್ಳೆಯದು. ಅದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ ನೋಡದೆ, ಫ್ರೇಮನ್ನು ತಲೆಕೆಳಗು ಮಾಡಿ ಪೆಡಲ್ ಕೂರುವ ಜಾಗದ ಬೆಸುಗೆಗಳಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಿ, ಫೋರ್ಕಿನ ಹೊಳೆಯುವ ಕೊಳವೆಗಳ ಮೇಲೆ ಉಗುರು ಎಳೆದು ಗೀರು ತಗಲುತ್ತದೆಯೇ ಪರೀಕ್ಷಿಸಿ, ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ಅಲುಗಿಸಿ ಹ್ಯಾಂಡಲಿನ ಕತ್ತಿನಲ್ಲಿ ಸಡಿಲವಿದೆಯೇ ತಿಳಿದುಕೊಳ್ಳಿ. ನನ್ನ ಆ ಮೊದಲ ಹಾರ್ಡ್‌ಟೇಲ್ ಈಗ ನೆರೆಮನೆಯ ಹುಡುಗನ ಬಳಿ ಇದೆ. ಅಗಲದ ಟಯರ್ ಮತ್ತು ಮೆತ್ತನೆಯ ಗ್ರಿಪ್ ಹಾಕಿಸಿ ಕೊಟ್ಟಿದ್ದೇನೆ, ಗಾಳಿಯನ್ನು ಎಷ್ಟು ತುಂಬಬೇಕೆಂದು ಪಂಪಿನ ಮೇಲೆಯೇ ಬರೆದು ಅಂಟಿಸಿದ್ದೇನೆ.